ಐದು ತಲಾಂತಿನ ಲೆಕ್ಕ

ಮಾರ್ಚ್ ಬಂತೆಂದರೆ ನಮ್ಮ ಹರೂರಿನ ಮನೆಗಳಲ್ಲಿ ಎರಡು ಕೆಲಸ ಒಟ್ಟಿಗೇ ನಡೆಯುತ್ತವೆ. ಅಂಗಳದಲ್ಲಿ ಹಿರಿಯರು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿರುತ್ತಾರೆ. ಒಳಗೆ, ಹೊಸೂರು ಬೆಂಗಳೂರಿನ ಕಂಪನಿಗಳಿಂದ ರಜೆಗೆ ಬಂದ ಮಕ್ಕಳು ಲ್ಯಾಪ್‌ಟಾಪ್ ತೆರೆದು ಅಪ್ರೈಸಲ್ ಫಾರಂ ಮುಂದೆ ಪೆಚ್ಚಾಗಿ ಕೂತಿರುತ್ತಾರೆ. ಈ ವರ್ಷ ನೀವು ಸಾಧಿಸಿದ್ದೇನು, ನಿಮ್ಮ ಮಾತಿನಲ್ಲೇ ಬರೆಯಿರಿ ಎನ್ನುತ್ತದೆ ಆ ಫಾರಂ. ಹೋದ ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯ ಹುಡುಗಿಯೊಬ್ಬಳು ನನ್ನನ್ನು ತಡೆದಳು: “ಅಂಕಲ್, ತಗ್ಗಿ ನಡೀಬೇಕು, ಜಂಬ ಕೊಚ್ಚಬಾರದು ಅಂತ ಸಂಡೇ ಸ್ಕೂಲಲ್ಲಿ ಹೇಳಿಕೊಟ್ರಿ. ಈಗ ನಮ್ಮ ಮ್ಯಾನೇಜರು, ನೀನೇ ಹೇಳಿಕೊಳ್ಳದಿದ್ರೆ ನಿನ್ನ ಪರವಾಗಿ ಯಾರಮ್ಮ ಹೇಳ್ತಾರೆ ಅಂತಾರೆ. ಯಾರ ಮಾತು ಕೇಳ್ಲಿ?”

ಇಬ್ಬರ ಮಾತೂ ಕೇಳಬಹುದು ಎಂದೇ ನನಗನ್ನಿಸುತ್ತದೆ. ಪರ್ವತ ಪ್ರಸಂಗವನ್ನೇ ತೆಗೆದುಕೊಳ್ಳಿ. ಮತ್ತಾಯನ ಸುವಾರ್ತೆಯ ಐದನೇ ಅಧ್ಯಾಯದಲ್ಲಿ ಯೇಸುಸ್ವಾಮಿ, ದೀಪ ಹಚ್ಚಿ ಅದರ ಮೇಲೆ ಕೊಳಗ ಕವುಚಬೇಡಿ ಎನ್ನುತ್ತಾರೆ. ಆರನೇ ಅಧ್ಯಾಯದಲ್ಲಿ, ತುತ್ತೂರಿ ಊದಿಸಬೇಡಿ ಎನ್ನುತ್ತಾರೆ. ಮೇಲುನೋಟಕ್ಕೆ ಒಂದಕ್ಕೊಂದು ಕೂಡುವುದಿಲ್ಲ. ಆದರೆ ಆ ಅಧ್ಯಾಯದಲ್ಲಿ ತೋರಿಕೆ ಬೇಡವೆಂದದ್ದು ಯಾವುದಕ್ಕೆ? ದಾನಕ್ಕೆ, ಪ್ರಾರ್ಥನೆಗೆ, ಉಪವಾಸಕ್ಕೆ. ಮೂರೂ ದೇವರಿಗೂ ನಮಗೂ ನಡುವಿನ ವ್ಯವಹಾರ. ಸಂಬಳ ಎಣಿಸಿಕೊಂಡು ಮಾಡಿದ ಕೆಲಸದ ವರದಿ ಆ ಪಟ್ಟಿಯಲ್ಲಿ ಇಲ್ಲ. ನಾವು ಇದನ್ನು ತಿರುವುಮುರುವು ಮಾಡಿಕೊಂಡಿದ್ದೇವೆ. ದೇವಾಲಯಕ್ಕೆ ಕೊಟ್ಟ ಫ್ಯಾನಿನ ರೆಕ್ಕೆಯ ಮೇಲೆ ಕೆಂಪು ಬಣ್ಣದಲ್ಲಿ ಹೆಸರು ಬರೆಸುತ್ತೇವೆ. ಆಫೀಸಿನಲ್ಲಿ ಕಷ್ಟಪಟ್ಟು ಮಾಡಿದ ಕೆಲಸ ಹೇಳುವಾಗ ಮಾತ್ರ ವಿನಯ ನೆನಪಾಗುತ್ತದೆ.

ಅದೇ ಸುವಾರ್ತೆಯ ಇಪ್ಪತ್ತೈದನೇ ಅಧ್ಯಾಯದ ಸಾಮ್ಯವಂತೂ ಪೂರ್ತಿ ಅಪ್ರೈಸಲ್ಲೇ. ಯಜಮಾನ ದೂರದೇಶಕ್ಕೆ ಹೋಗುವಾಗ ಆಳುಗಳಿಗೆ ಐದು, ಎರಡು, ಒಂದು ಎಂದು ತಲಾಂತುಗಳನ್ನು ಒಪ್ಪಿಸುತ್ತಾನೆ. ಒಂದು ತಲಾಂತೆಂದರೆ ಸುಮಾರು ಆರು ಸಾವಿರ ದಿನಗೂಲಿ, ಹತ್ತಿರ ಹತ್ತಿರ ಇಪ್ಪತ್ತು ವರ್ಷದ ದುಡಿಮೆ. ಆತ ಮರಳಿದಾಗ ಮೊದಲನೆಯವನು, ನೀವು ಐದು ಕೊಟ್ಟಿರಿ, ಇಗೋ ಇನ್ನೈದು ಸಂಪಾದಿಸಿದ್ದೇನೆ ಎಂಬರ್ಥದಲ್ಲಿ ಲೆಕ್ಕ ಒಪ್ಪಿಸುತ್ತಾನೆ. ಜಂಬ ಬೇಡ ಎಂದು ಯಜಮಾನ ಗದರುವುದಿಲ್ಲ, ಭೇಷ್ ಎನ್ನುತ್ತಾನೆ. ಎರಡು ಪಡೆದವನಿಗೂ ಅಷ್ಟೇ ಮೆಚ್ಚುಗೆ. ತಲಾಂತನ್ನು ನೆಲದಲ್ಲಿ ಹೂತಿಟ್ಟ ಮೂರನೆಯವನ ಮಾತೇ ಮೂವರಲ್ಲಿ ಉದ್ದ, ಅದೂ ಯಜಮಾನನ ಮೇಲಿನ ದೂರು. ಮೊದಲನೆಯವನ ಲೆಕ್ಕದ ಕ್ರಮ ನೋಡಿ. ತನಗೆ ಸಿಕ್ಕಿದ್ದೆಷ್ಟು ಎಂಬುದು ಮೊದಲು, ತಾನು ಬೆಳೆಸಿದ್ದೆಷ್ಟು ಎಂಬುದು ಆಮೇಲೆ. ಪಕ್ಕದವನ ಗಂಟಿನತ್ತ ಅವನು ಕಣ್ಣು ಹಾಯಿಸುವುದೇ ಇಲ್ಲ. ಲೂಕನ ಸುವಾರ್ತೆಯ ಸಾಮ್ಯದಲ್ಲಿ ಪ್ರಾರ್ಥನೆಗೆಂದು ದೇವಾಲಯಕ್ಕೆ ಹೋದ ಫರಿಸಾಯ ಎಡವಿದ್ದು ಅಲ್ಲಿ. ತಾನು ಮಾಡಿದ್ದನ್ನು ದೇವರೆದುರು ಎಣಿಸಿದ: ವಾರಕ್ಕೆರಡು ಉಪವಾಸ, ಸಂಪಾದನೆಯಲ್ಲಿ ದಶಮಾಂಶ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಕ್ಕಿಲ್ಲ. ಆದರೆ ಹಿಂದೆ ನಿಂತಿದ್ದ ಸುಂಕದವನನ್ನು ಓರೆಗಣ್ಣಿನಲ್ಲಿ ಅಳೆಯದೆ ಅವನ ಪ್ರಾರ್ಥನೆ ಪೂರ್ತಿಯಾಗುವಂತಿರಲಿಲ್ಲ.

ಹೇಳಿಕೊಳ್ಳದಿದ್ದರೆ ಹಾಳಾಗುತ್ತಿದ್ದದ್ದೂ ಉಂಟು. ನಮ್ಮ ಸೀಮೆಯ ಸಿಟ್ಟಿಲಿಂಗಿ ಕಣಿವೆಯಲ್ಲಿ ಡಾ. ರೇಜಿ ಜಾರ್ಜ್ ಮತ್ತು ಡಾ. ಲಲಿತಾ ದಂಪತಿ 1993ರಲ್ಲಿ ಗುಡಿಸಲಿನಲ್ಲಿ ಆಸ್ಪತ್ರೆ ತೆರೆದ ಕತೆ ನಿಮಗೆ ಗೊತ್ತಿರಬಹುದು. ಅಲ್ಲಿಯ ಲಂಬಾಣಿ ಹೆಂಗಸರ ಕಸೂತಿಯ ಕತೆ ಅಷ್ಟು ಗೊತ್ತಿಲ್ಲ. ಹಳೆಯ ಉಡುಗೆ ಬಿಟ್ಟು ಸೀರೆಗೆ ಬಂದಮೇಲೆ ಆ ಹೊಲಿಗೆ ಕೆಲವು ಅಜ್ಜಿಯರ ಕೈಯಲ್ಲಷ್ಟೇ ಉಳಿದಿತ್ತು. ಅವರಿಂದ ಕಲಿತ ಹೆಂಗಸರು ಒಂದು ಸಂಘ ಕಟ್ಟಿದರು, ತಮ್ಮ ಮಾತಿನಲ್ಲಿ ಹೆಮ್ಮೆ ಎಂದೇ ಅರ್ಥವಿರುವ ‘ಪೋರ್ಗೈ’ ಎಂಬ ಹೆಸರಿಟ್ಟರು. ಇಂದು ಅವರು ಹೊಲಿದದ್ದು ಪಟ್ಟಣಗಳಿಗೆ ಹೋಗುತ್ತದೆ. ನಮ್ಮದೇನು ಮಹಾ ಎಂದು ಅಜ್ಜಿಯರು ಪೆಟ್ಟಿಗೆಯ ಮುಚ್ಚಳ ತೆಗೆಯದೇ ಇದ್ದಿದ್ದರೆ, ಆ ಕಲೆ ಅವರೊಂದಿಗೇ ಮಣ್ಣಾಗುತ್ತಿತ್ತು.

ಇನ್ನು, ಮಾಡಿದ ಕೆಲಸಕ್ಕೆ ಹೆಸರು ಹಾಕುವ ವಿಷಯಕ್ಕೆ ಮಂಗಳೂರು ಹೆಂಚು ನೋಡಿ. ಮತಾಂತರವಾಗಿ ಕುಲದ ಕಸುಬು ಕಳೆದುಕೊಂಡವರಿಗೆ ಕೆಲಸ ಕೊಡಬೇಕೆಂದು ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ಅವರು ಆಡಂಬರ ಕಂಡರೆ ಆಗದ, ಕಟ್ಟುನಿಟ್ಟಿನ ಭಕ್ತರು. ಆದರೂ ಹೆಂಚಿನ ಒಳಮೈಯಲ್ಲಿ ತಮ್ಮ ಕಾರ್ಖಾನೆಯ ಹೆಸರನ್ನು ಅಚ್ಚೊತ್ತಿದರು. ಬೀದಿಯಲ್ಲಿ ಹೋಗುವವರಿಗೆ ಅದು ಕಾಣುವುದಿಲ್ಲ. ಸೋರುವ ಮನೆಯಲ್ಲಿ ತಲೆಯೆತ್ತಿ ನೋಡಿದವನಿಗೆ ಮಾತ್ರ, ಇದನ್ನು ಮಾಡಿದವರು ಯಾರು, ಯಾರನ್ನು ಕೇಳಬೇಕು ಎಂದು ತಿಳಿಯುತ್ತದೆ. ಕೆಲಸಕ್ಕೆ ಹೆಸರು ಹಾಕುವುದೆಂದರೆ ಹೊಗಳಿಕೆ ಬೇಡುವುದೇ ಆಗಬೇಕಿಲ್ಲ, ಬೈಗುಳಕ್ಕೂ ಸಿದ್ಧವಾಗಿ ನಿಲ್ಲುವುದು. ಹಾಗೆ ನಿಂತವರು ಫಾರಂನಲ್ಲಿ ತಮ್ಮ ಕೆಲಸವನ್ನು ಸಂಕೋಚವಿಲ್ಲದೆ ಬರೆಯಬಹುದು. ಹೆಚ್ಚಿಸಿಯೂ ಬೇಡ, ಕುಗ್ಗಿಸಿಯೂ ಬೇಡ. ಇಲ್ಲದ್ದನ್ನು ಸೇರಿಸುವುದು ಎಷ್ಟು ಸುಳ್ಳೋ, ಇದ್ದದ್ದನ್ನು ಮುಚ್ಚಿಟ್ಟು ಯಾರಾದರೂ ಕಂಡುಹಿಡಿದು ಹೊಗಳಲಿ ಎಂದು ಕಾಯುವುದರಲ್ಲೂ ಅಷ್ಟೇ ಕಳ್ಳತನ ಇದೆ.

ಒಂದು ಕೊರತೆಯನ್ನು ಮಾತ್ರ ಹೇಳಬೇಕು. ಆ ಹೆಂಚಿನ ಮೇಲೆ ಕಾರ್ಖಾನೆಯ ಹೆಸರಿದೆ, ಜೇಡಿಮಣ್ಣು ಕಲಸಿದವರದು, ಗೂಡಿಗೆ ಬೆಂಕಿ ಹಾಕಿದವರದು ಇಲ್ಲ. ಹೊಸೂರಿನ ಕಾರ್ಖಾನೆಗಳಲ್ಲೂ ಕಾಯಂ ನೌಕರರಿಗೆ ಫಾರಂ ಬರುತ್ತದೆ, ಅವರ ಪಕ್ಕದಲ್ಲೇ ನಿಂತು ದುಡಿಯುವ ಕಾಂಟ್ರ್ಯಾಕ್ಟ್ ಕೆಲಸದವರಿಗೆ ಸಾಮಾನ್ಯವಾಗಿ ಬರುವುದಿಲ್ಲ. ಮಷೀನಿನ ಸದ್ದು ಬದಲಾದದ್ದನ್ನು ರಾತ್ರಿ ಪಾಳಿಯಲ್ಲಿ ಮೊದಲು ಗುರುತಿಸಿದವಳು ಅಂಥವಳೇ ಆಗಿದ್ದರೆ, ಅವಳ ಹೆಸರು ಮೇಲಿನವರಿಗೆ ತಲುಪಲು ಇರುವ ದಾರಿ ಒಂದೇ: ಫಾರಂ ಬಂದವರು ‘ಸಾಧಿಸಿದ್ದೇನು’ ಎಂಬ ಕಾಲಂನಲ್ಲಿ ಅವಳದನ್ನೂ ಬರೆಯಬೇಕು. ಆ ಹುಡುಗಿಗೆ ನಾನು ಹೇಳಿದ್ದು ಅಷ್ಟೇ. ಕಾಲಂನಲ್ಲಿ ಅಷ್ಟು ಜಾಗ ಇರಲ್ಲ ಅಂಕಲ್ ಅಂದಳು. ನಿನ್ನದನ್ನು ಎರಡು ಸಾಲು ಕಡಿಮೆ ಮಾಡಮ್ಮ ಅಂದೆ.