ಮನೆಯ ಮಾತು, ಮಠದ ಮಾತು

ಕಾಸರಗೋಡಿನ ಕನ್ನಡ ಮಕ್ಕಳಿಗೆ ಕನ್ನಡದಲ್ಲಿಯೇ ಪಾಠ ನಡೆಯಬೇಕೆಂದು ನಾವು ವಾದಿಸುತ್ತೇವೆ. 1956ರಲ್ಲಿ ಆ ಸೀಮೆ ಕೇರಳಕ್ಕೆ ಸೇರಿದಂದಿನಿಂದಲೂ ಈ ವಾದ ನಿಂತಿಲ್ಲ, ನಿಲ್ಲಲೂಬಾರದು. ಆದರೆ ಅದೇ ನ್ಯಾಯವನ್ನು ದೊಡ್ಡಬಳ್ಳಾಪುರದಲ್ಲಿ ತೂಗುವಾಗ ನಮ್ಮ ತಕ್ಕಡಿ ಏಕೆ ಅಲುಗುತ್ತದೆ?

ದೊಡ್ಡಬಳ್ಳಾಪುರ ಮಗ್ಗದ ಊರು. ಅಲ್ಲಿನ ಎಷ್ಟೋ ನೇಕಾರರ ಮನೆಗಳಲ್ಲಿ ತೆಲುಗು, ಅಂಗಡಿ ಬೀದಿಯಲ್ಲಿ ಕನ್ನಡ. ಇದರಿಂದ ಯಾರಿಗೂ ತಲೆನೋವು ಬಂದಂತಿಲ್ಲ. ಈಗ ಅಲ್ಲಿನ ಕಾರ್ಖಾನೆಗಳಿಗೂ, 2008ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ದೇವನಹಳ್ಳಿಯ ಸುತ್ತ ಏಳುತ್ತಿರುವ ಕಟ್ಟಡಗಳಿಗೂ ಬಿಹಾರ, ಒಡಿಶಾಗಳಿಂದ ಜನ ಬರುತ್ತಿದ್ದಾರೆ. ತಗಡಿನ ಶೆಡ್ಡಿನಿಂದ ಹೊರಟು ಸರ್ಕಾರಿ ಶಾಲೆಗೆ ಬಂದ ಒಡಿಯಾ ಹುಡುಗಿಗೆ ಮೇಷ್ಟರು 'ಕೂತ್ಕೊ' ಎಂದರೂ ತಿಳಿಯದು. ಸುಮ್ಮನಿರುತ್ತಾಳೆ. ಆ ಮೌನಕ್ಕೆ ದಡ್ಡತನವೆಂದು ಹೆಸರಿಡುವುದು ಬಹಳ ಸುಲಭ.

ಕಾನೂನೇನೋ ಅವಳ ಪರವಾಗಿದೆ. ಅದೇ 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಸಿಗಬೇಕೆನ್ನುತ್ತದೆ. ತರಗತಿಗೆ 10, ಶಾಲೆಗೆ 40 ಮಕ್ಕಳಿದ್ದರೆ ಶಿಕ್ಷಕರನ್ನು ಕೊಡಬೇಕೆಂಬ ಸೂತ್ರ 1949ರದು. ಕೂಲಿಯವರ ಮಕ್ಕಳು ಹತ್ತು ಮಂದಿ ಕೂಡುವಷ್ಟರಲ್ಲಿ ಕಟ್ಟಡ ಮುಗಿದು ಶೆಡ್ಡೇ ಕಿತ್ತು ಹೋಗಿರುತ್ತದೆ!

ಮನೆಯಲ್ಲಿ ತಮಿಳಾಡಿದ ಮಾಸ್ತಿ, ಮರಾಠಿಯಾಡಿದ ಬೇಂದ್ರೆ ಕನ್ನಡದಲ್ಲಿ ಮೆರೆಯಲಿಲ್ಲವೆ ಎಂದು ಕೇಳುವವರುಂಟು. ಮೆರೆದರು, ನಿಜ. ಆದರೆ ಅವರ ಮನೆಮಾತಿನ ಹಿಂದೆ ಓದುಬರಹ ಬಲ್ಲ ಹಿರಿಯರಿದ್ದರು. ಈ ಹುಡುಗಿಯ ಭಾಷೆಗೆ ಇಲ್ಲಿ ಅವಳ ತಾಯಿಯ ಬಾಯೊಂದೇ ಆಸರೆ.

ಹಾಗೆಂದು ಅವಳಿಗೆ ಕನ್ನಡ ಬೇಡವೆನ್ನುವ ಉದಾರಿಗಳನ್ನೂ ನಾನು ಒಪ್ಪಲಾರೆ. ಬಸ್ಸಿನ ಬೋರ್ಡು, ಆಸ್ಪತ್ರೆಯ ಚೀಟಿ ಓದಲಾರದವಳು ಶೆಡ್ಡಿನಲ್ಲಿಯೇ ಉಳಿಯುತ್ತಾಳೆ. ಕನ್ನಡವನ್ನು ಚೆನ್ನಾಗಿಯೇ ಕಲಿಸಬೇಕು. ಕಲಿಯುವುದಕ್ಕೆ ಮನೆಮಾತನ್ನು ಶಾಲೆಯ ಗೇಟಿನಲ್ಲಿ ಸುಂಕವಾಗಿ ಕಟ್ಟಬೇಕೆಂಬುದಷ್ಟೇ ನನಗೆ ಸಲ್ಲದ ಮಾತು. ಅಮೆರಿಕೆಯಲ್ಲಿರುವ ನಮ್ಮ ಮೊಮ್ಮಕ್ಕಳು ವಾರದ ಕೊನೆಗೆ ಕನ್ನಡ ತರಗತಿಗೆ ಹೋದರೆ ನಾವು ಹಿಗ್ಗುತ್ತೇವೆ. ಇಂಗ್ಲಿಷು ಕೆಟ್ಟೀತೆಂದು ಹೆದರುವುದಿಲ್ಲ.

ಒಬ್ಬರೇ ಮೇಷ್ಟರು ಎರಡು ಮೂರು ತರಗತಿ ನೋಡಿಕೊಳ್ಳುವಲ್ಲಿ ಇದೆಲ್ಲ ಆಗುವ ಮಾತೆ ಎನ್ನಬಹುದು. ಒಡಿಯಾ ಶಿಕ್ಷಕರನ್ನು ತರುವುದು ಆಗದಿರಬಹುದು. ಆದರೆ ಅದೇ ಶೆಡ್ಡಿನ, ಎರಡೂ ಮಾತು ಬಲ್ಲ ದೊಡ್ಡ ಹುಡುಗನೊಬ್ಬನನ್ನು ಮೊದಲ ಕೆಲವು ತಿಂಗಳು ದಿನಕ್ಕೆ ಅರ್ಧ ಗಂಟೆ ಅವಳ ಪಕ್ಕದಲ್ಲಿ ಕೂರಿಸುವುದಕ್ಕೆ ಯಾವ ಕಚೇರಿಯ ಮಂಜೂರಾತಿಯೂ ಬೇಕಾಗಿಲ್ಲ.