ಕೂಲಿ ಪಡೆದು ಮಾಡಿದ ಉಪಚಾರ

ಹಣ ಪಡೆದು ಮಾಡಿದ ಉಪಚಾರ ನಿಜವಾದ ಉಪಚಾರವೇ? ವೈದ್ಯ ವೃತ್ತಿಯಲ್ಲಿರುವ ನನಗೆ ಈ ಪ್ರಶ್ನೆ ಹೊಸದಲ್ಲ. ಆದರೆ ಅದಕ್ಕೆ ಉತ್ತರ ಹುಡುಕಲು ಆಸ್ಪತ್ರೆಯನ್ನು ಬಿಟ್ಟು ಹಕ್ಕಿಗಳ ಕಡೆ ಹೋಗೋಣ.

ನಮ್ಮ ಬೇ ಏರಿಯಾದ ಪೂರ್ವಕ್ಕೆ ಸ್ಯಾಕ್ರಮೆಂಟೊ ಮತ್ತು ಸ್ಯಾನ್ ವಾಕಿನ್ ನದಿಗಳು ಕೂಡುವ ಡೆಲ್ಟಾ ಪ್ರದೇಶವಿದೆ.  ಅಲ್ಲಿ ಪ್ರತಿ ಚಳಿಗಾಲ ಸ್ಯಾಂಡ್‌ಹಿಲ್ ಕ್ರೇನ್ ಎಂಬ ಕೆಂಪು ನೆತ್ತಿಯ, ಉದ್ದ ಕಾಲಿನ ಹಕ್ಕಿಗಳು ಸಾವಿರಾರು ಸಂಖ್ಯೆಯಲ್ಲಿ, ಕೆಲವು ಅಲಾಸ್ಕಾದಷ್ಟು ದೂರದಿಂದ, ಬಂದಿಳಿಯುತ್ತವೆ. ಲೋಡೈ ಊರಿನ ಬಳಿ ವುಡ್‌ಬ್ರಿಡ್ಜ್ ರಸ್ತೆಯಲ್ಲಿ ಸಂಜೆ ನಿಂತರೆ ಈ ದೃಶ್ಯವನ್ನು ಕಣ್ತುಂಬ ನೋಡಬಹುದು. ಹಗಲು ಇವು ಕೊಯ್ಲಾದ ಮುಸುಕಿನ ಜೋಳದ ಹೊಲಗಳಲ್ಲಿ ಉದುರಿದ ಕಾಳು ಹೆಕ್ಕುತ್ತವೆ. ರಾತ್ರಿ ತೆಳುವಾಗಿ ನಿಂತ ನೀರಿನಲ್ಲಿ ನಿಂತೇ ನಿದ್ರಿಸುತ್ತವೆ. ಕಾಳು, ನೀರು ಎರಡಕ್ಕೂ ರೈತನೇ ದಿಕ್ಕು; ಏಕೆಂದರೆ ಇಲ್ಲಿನ ಸೆಂಟ್ರಲ್ ವ್ಯಾಲಿಯ ಸಹಜ ಜೌಗು ನೆಲದಲ್ಲಿ 90%ಕ್ಕೂ ಹೆಚ್ಚು ಭಾಗ ಈಗಾಗಲೇ ಹೋಗಿದೆ.

ರೈತ ನೀರು ಬಿಡುವುದು ಯಾಕೆ? ಭತ್ತದ ಕೂಳೆ ಸುಡುವುದನ್ನು ಕಡಿಮೆ ಮಾಡಲು ಕ್ಯಾಲಿಫೋರ್ನಿಯಾ 1991ರಲ್ಲಿ ಕಾನೂನು ತಂದಿತು. ಕೂಳೆ ಕೊಳೆಯಲೆಂದು ಸ್ಯಾಕ್ರಮೆಂಟೊ ಕಣಿವೆಯ ರೈತರು ಚಳಿಗಾಲದಲ್ಲಿ ಗದ್ದೆಗೆ ನೀರು ನಿಲ್ಲಿಸಿದರು, ಬಾತುಗಳು ಬಂದವು. 2014ರಲ್ಲಿ ನೇಚರ್ ಕನ್ಸರ್ವೆನ್ಸಿ ಸಂಸ್ಥೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹಕ್ಕಿ ಬರುವ ಕೆಲವು ವಾರಗಳ ಮಟ್ಟಿಗೆ ನೀರು ನಿಲ್ಲಿಸುವ ರೈತರಿಗೆ ಹಣ ಕೊಡತೊಡಗಿತು. ಯಾರು ಎಷ್ಟಕ್ಕೆ ಒಪ್ಪುತ್ತಾರೆಂದು ಟೆಂಡರ್ ಕರೆದ ಹಾಗೆಯೇ!

ಇದನ್ನು ಕೇಳಿದಾಗ ನಮ್ಮ ಮನಸ್ಸು ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿಗೆ ಹೋಗುತ್ತದೆ. ಅಲ್ಲಿ ಊರೊಳಗಿನ ಹುಣಸೆ ಮರಗಳ ಮೇಲೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಜನ ಅವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ. “ಅಲ್ಲಿ ಪ್ರೀತಿ, ಇಲ್ಲಿ ವ್ಯಾಪಾರ” ಎಂದುಬಿಡುವುದು ಸುಲಭ. ಆದರೆ ಹುಣಸೆ ಹಣ್ಣಿನ ನಷ್ಟಕ್ಕೆ ಅರಣ್ಯ ಇಲಾಖೆ ಅಲ್ಲಿನ ಮರದ ಒಡೆಯರಿಗೂ ಪರಿಹಾರ ಕೊಡುತ್ತ ಬಂದಿದೆ. ಅದರಿಂದ ಅವರ ಪ್ರೀತಿ ಸುಳ್ಳಾಯಿತೆ? ನನಗೆ ಹಾಗನ್ನಿಸುವುದಿಲ್ಲ. ಪುಕ್ಕಟೆ ಮಾಡಿದ್ದು ಮಾತ್ರ ಪುಣ್ಯ ಎಂದು ಹಟ ಹಿಡಿದರೆ, ಎಲ್ಲರೂ ನೋಡಿ ಸಂತೋಷಪಡುವ ಹಕ್ಕಿಯ ಖರ್ಚನ್ನು ಮರವಿರುವ ಬಡವನೊಬ್ಬನೇ ಹೊರಬೇಕಾಗುತ್ತದೆ. ಆ ಹಣ ಪ್ರೀತಿಯ ಬೆಲೆಯಲ್ಲ, ಅವನ ನಷ್ಟದಲ್ಲಿ ನಮ್ಮ ಪಾಲು.

ಇನ್ನೊಂದು ಮಾತೂ ಉಂಟು. ಹಣ ನಿಂತ ವರ್ಷ ನೀರೂ ನಿಲ್ಲಬಹುದು. ಬೆಳ್ಳೂರಿನಲ್ಲಿ ಅಕ್ಕರೆ ಮೊದಲು ಬಂತು, ಪರಿಹಾರ ಆಮೇಲೆ. ಅಕ್ಕರೆಯ ಬೇರಿದ್ದಲ್ಲಿ ಹಣ ನೀರೆರೆದಂತೆ. ಬೇರೇ ಇಲ್ಲದಿದ್ದರೆ ಎಷ್ಟು ಎರೆದರೇನು?

ಇದು ಹಕ್ಕಿಗಳಿಗಷ್ಟೇ ಸಂಬಂಧಿಸಿದ ವಿಷಯವಲ್ಲ. ನಮ್ಮಲ್ಲಿ ಅನೇಕರ ತಂದೆತಾಯಿಯರು ಮೈಸೂರಿನಲ್ಲೋ ಧಾರವಾಡದಲ್ಲೋ ಸಂಬಳದ ಆಯಾಗಳ ಆರೈಕೆಯಲ್ಲಿದ್ದಾರೆ. “ದುಡ್ಡು ಕಳಿಸಿ ಕೈತೊಳೆದುಕೊಂಡರು” ಎಂಬ ಮಾತು ನಮ್ಮನ್ನು ಚುಚ್ಚುತ್ತದೆ. ಸಂಬಳಕ್ಕೆ ಮಾಡಿದ ಆರೈಕೆ ಕೀಳೆಂದು ನಾನು ಒಪ್ಪಲಾರೆ. ನಾನೂ ಸಂಬಳಕ್ಕೇ ದುಡಿಯುವವನು. ಸಂಬಳವಿರುವುದರಿಂದಲೇ ನಡುರಾತ್ರಿ ರೋಗಿಯ ಹಾಸಿಗೆಯ ಬಳಿ ಒಬ್ಬರು ಇರುತ್ತಾರೆ. ಆದರೆ ಅಲ್ಲಿ ಐದು ನಿಮಿಷ ಹೆಚ್ಚು ಕುಳಿತು ಅವರ ಮಾತು ಕೇಳುವುದು ಯಾವ ಬಿಲ್ಲಿನಲ್ಲೂ ಬರುವುದಿಲ್ಲ. ಕ್ರೇನ್‌ಗೆ ನೀರು ಸಿಕ್ಕರೆ ಸಾಕು, ಯಾರು ಬಿಟ್ಟರೆಂದು ಅದು ಕೇಳುವುದಿಲ್ಲ. ಅಮ್ಮ ಕೇಳುತ್ತಾಳೆ.

ಆದ್ದರಿಂದ ಹಣ ಕಳಿಸುವುದಕ್ಕೆ ನಾಚಬೇಕಿಲ್ಲ, ಅಷ್ಟಕ್ಕೇ ಮುಗಿಯಿತೆಂದು ತಿಳಿಯಲೂಬಾರದು. ಮುಂದಿನ ಬಾರಿ ಊರಿಗೆ ಫೋನ್ ಮಾಡಿದಾಗ ಔಷಧಿಯ ಲೆಕ್ಕ ಕೇಳಿದ ಮೇಲೂ ಸ್ವಲ್ಪ ಹೊತ್ತು ಲೈನಿನಲ್ಲಿರಿ. ನೋಡಿಕೊಳ್ಳುವ ಆ ಹೆಣ್ಣುಮಗಳ ಕೈಗೂ ಫೋನ್ ಕೊಡಿಸಿ, “ನಿಮ್ಮದು ಊಟ ಆಯಿತೇನಮ್ಮ?” ಎಂದು ಕೇಳಿ.