ಏನೂ ಆಗಲಿಲ್ಲವಲ್ಲ!



ಸ್ವಿಟ್ಜರ್‌ಲೆಂಡ್ ಮತ್ತು ಇಟಲಿ ದೇಶಗಳ ಗಡಿಯಲ್ಲಿ, ಆಲ್ಪ್ಸ್ ಪರ್ವತಗಳ ನಡುವೆ, 2,469 ಮೀಟರ್ ಎತ್ತರದಲ್ಲಿ ಒಂದು ಕಣಿವೆ ಮಾರ್ಗವಿದೆ. ಗ್ರೇಟ್ ಸೇಂಟ್ ಬರ್ನಾರ್ಡ್ ಎಂದು ಅದರ ಹೆಸರು. ಉತ್ತರ ಯೂರೋಪಿನ ಯಾತ್ರಿಕರು ರೋಮಿಗೆ ಹೋಗಲು ಶತಶತಮಾನಗಳಿಂದ ತುಳಿದ ಹಾದಿ ಅದು. ಕ್ಯಾಂಟರ್‌ಬರಿಯ ಮಹಾಧರ್ಮಾಧ್ಯಕ್ಷರಾಗಿದ್ದ ಸಿಗೆರಿಕ್ ಅವರು 990ರಲ್ಲಿ ರೋಮಿನಿಂದ ಹಿಂತಿರುಗುವಾಗ ತಂಗಿದ ಸ್ಥಳಗಳ ಪಟ್ಟಿ ಇಂದಿಗೂ ಉಳಿದಿದೆ. ಅವರೂ ಇದೇ ಬೆಟ್ಟವನ್ನು ದಾಟಿದರು. ಹನ್ನೊಂದನೆಯ ಶತಮಾನದ ಮಧ್ಯಭಾಗದಲ್ಲಿ ಸಂತ ಬರ್ನಾರ್ಡರು, ಹಿಮದಲ್ಲಿ ದಾರಿತಪ್ಪಿ ಸಾಯುತ್ತಿದ್ದ ಪ್ರಯಾಣಿಕರಿಗಾಗಿ ಈ ಹಾದಿಯ ನೆತ್ತಿಯಲ್ಲಿ ಒಂದು ಛತ್ರ ಕಟ್ಟಿಸಿದರು. ಸಂತ ಆಗಸ್ಟೀನರ ನಿಯಮವನ್ನು ಪಾಲಿಸುವ ಗುರುಗಳು ಅದನ್ನು ಈಗಲೂ ನಡೆಸುತ್ತಿದ್ದಾರೆ. ಸೇಂಟ್ ಬರ್ನಾರ್ಡ್ ಎಂಬ ದೊಡ್ಡ ನಾಯಿಗಳಿಗೆ ಹೆಸರು ಬಂದದ್ದೂ ಇಲ್ಲಿಂದಲೇ. ಸ್ವತಃ ಪರ್ವತಾರೋಹಿಯಾಗಿದ್ದ ಪೋಪ್ ಹನ್ನೊಂದನೇ ಪಯಸ್ ಅವರು 1923ರಲ್ಲಿ ಈ ಸಂತರನ್ನು ಪರ್ವತಾರೋಹಿಗಳ ಪಾಲಕರೆಂದು ಸಾರಿದರು.

ಇಷ್ಟನ್ನು ಹೇಳಲು ಕಾರಣವಿದೆ. ನಮ್ಮ ಮಲೆನಾಡಿನ ದಂಪತಿಗಳಿಬ್ಬರು ಸ್ವಿಟ್ಜರ್‌ಲೆಂಡಿನಲ್ಲಿ ಉದ್ಯೋಗದಲ್ಲಿದ್ದಾರೆ. 2025ರ ಜೂಬಿಲಿ ವರ್ಷದಲ್ಲಿ ರೋಮಿನ ಪವಿತ್ರ ದ್ವಾರವನ್ನು ಪ್ರವೇಶಿಸಬೇಕೆಂದು ಅವರು ಲೊಸಾನ್ ಪಟ್ಟಣದಿಂದ ಮೋಟಾರ್ ಸೈಕಲ್ಲಿನಲ್ಲಿ ಹೊರಟರು. ದಾರಿ 800 ಕಿಲೋಮೀಟರಿಗೂ ಹೆಚ್ಚು. ಅಲ್ಲಿ ನಡೆದದ್ದನ್ನು ರಜೆಗೆ ಊರಿಗೆ ಬಂದಾಗ ನನಗೆ ಹೇಳಿದರು. (ಪಾಪನಿವೇದನೆಯಲ್ಲಿ ಅಲ್ಲ, ಕಾಫಿ ಕುಡಿಯುತ್ತಾ. ಬರೆಯಲು ಇಬ್ಬರೂ ಒಪ್ಪಿಗೆ ಕೊಟ್ಟಿದ್ದಾರೆ.)

ಹೊರಡುವ ಮೊದಲು ಅವರಲ್ಲಿ ಒಂದು ಒಪ್ಪಂದವಾಗಿತ್ತು. ಗಾಳಿಯ ಸದ್ದಿನಲ್ಲಿ, ಹೆಲ್ಮೆಟ್ಟಿನೊಳಗಿಂದ ಮಾತು ಕೇಳಿಸುವುದಿಲ್ಲ. ಆದ್ದರಿಂದ ಹೆಂಡತಿ ಭುಜದ ಮೇಲೆ ಎರಡು ಸಲ ತಟ್ಟಿದರೆ ಗಂಡ ಗಾಡಿ ನಿಲ್ಲಿಸಬೇಕು. ಕಾರಣ ಆಮೇಲೆ. ಬೆಟ್ಟ ಏರುತ್ತಿದ್ದಂತೆ ಮಂಜು ಕವಿಯಿತು, ಮಳೆಯೊಡನೆ ಹಿಮದ ಚೂರುಗಳೂ ಬೀಳತೊಡಗಿದವು. ಬೆಟ್ಟದ ಕೆಳಗೆ 1964ರಿಂದ ಸುರಂಗ ಮಾರ್ಗವಿದೆ. ಹವೆ ಎಷ್ಟೇ ಕೆಟ್ಟರೂ ಅದರಲ್ಲಿ ಇಟಲಿ ಸೇರಬಹುದು. ಗಂಡ ಸುರಂಗದ ಕವಲನ್ನು ಬಿಟ್ಟು ಮೇಲಿನ ಹಳೆಯ ರಸ್ತೆಯನ್ನೇ ಹಿಡಿದ. ಸ್ವಲ್ಪ ದೂರದಲ್ಲೇ ಆಕೆ ಎರಡು ಸಲ ತಟ್ಟಿದಳು. ಅವನು ನಿಲ್ಲಿಸಲಿಲ್ಲ. ಮತ್ತೆ ತಟ್ಟಿದಳು. ಆಗಲೂ ಇಲ್ಲ. ನೆತ್ತಿ ತಲುಪಿ ಛತ್ರದ ಮುಂದೆ ಎಂಜಿನ್ ಆರಿಸಿ, ನಗುತ್ತಾ, "ನೋಡು, ಏನೂ ಆಗಲಿಲ್ಲವಲ್ಲ!" ಎಂದ.

ಆಕೆ ಉತ್ತರ ಕೊಡಲಿಲ್ಲ. ಒಳಗೆ ಹೋಗಿ ದೇವಾಲಯದಲ್ಲಿ ಕುಳಿತಳು. "ಚಾರ್ಮಾಡಿ ಘಾಟಿಯಲ್ಲಿ ಮಳೆಗಾಲದಲ್ಲೂ ಬುಲೆಟ್ ಓಡಿಸಿದವನು ನಾನು. ಇವಳಿಗೆ ಯಾಕಿಷ್ಟು ಕೋಪ, ನೀವೇ ಹೇಳಿ ಫಾದರ್" ಎಂದು ಅವನು ನನ್ನನ್ನು ಕೇಳಿದ. ಆಕೆ ಹೇಳಿದ್ದು ಇಷ್ಟೇ: "ನನಗೆ ಮಂಜಿನ ಭಯವಿರಲಿಲ್ಲ ಫಾದರ್. ನಾನು ತಟ್ಟಿದ್ದು ಇವರಿಗೆ ಗೊತ್ತಾಗಿತ್ತು."

ಈ ಪ್ರಶ್ನೆ ಚಿಕ್ಕದಲ್ಲ. ಕೆಡುಕು ಸಂಭವಿಸದಿದ್ದರೆ ತಪ್ಪೂ ಇಲ್ಲವೇ? ಲೋಕರೂಢಿ ಹೌದೆನ್ನುತ್ತದೆ. ಅದೇ ಗಾಡಿ ಅದೇ ತಿರುವಿನಲ್ಲಿ ಜಾರಿದ್ದರೆ ನಾವೆಲ್ಲರೂ ಅವನನ್ನು ದೂಷಿಸುತ್ತಿದ್ದೆವು. ಜಾರಲಿಲ್ಲ, ಆದ್ದರಿಂದ ಜಾಣನೆಂದು ಬೆನ್ನು ತಟ್ಟುತ್ತೇವೆ. ಆದರೆ ಆ ಗಳಿಗೆಯಲ್ಲಿ ಅವನು ಮಾಡಿದ ಆಯ್ಕೆ ಎರಡು ಸಂದರ್ಭಗಳಲ್ಲೂ ಒಂದೇ ಅಲ್ಲವೇ? ವ್ಯತ್ಯಾಸ ರಸ್ತೆಯದ್ದು, ಟೈರಿನದ್ದು. ಅವನದ್ದಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಕೃತ್ಯದ ಪರಿಣಾಮಗಳನ್ನು ಸಂದರ್ಭಗಳ ಸಾಲಿಗೆ ಸೇರಿಸುತ್ತದೆ. ಅವು ಒಂದು ಕೃತ್ಯದ ಒಳಿತು ಕೆಡುಕನ್ನು ಹೆಚ್ಚಿಸಬಹುದು, ತಗ್ಗಿಸಬಹುದು. ಸ್ವಭಾವತಃ ಕೆಟ್ಟದ್ದನ್ನು ಒಳ್ಳೆಯದಾಗಿ ಮಾರ್ಪಡಿಸಲಾರವು. ಕೊಟ್ಟ ಮಾತನ್ನು ಮೀರಿದ್ದು, ಇನ್ನೊಬ್ಬರ ಜೀವವನ್ನು ಅವರ ಒಪ್ಪಿಗೆಯಿಲ್ಲದೆ ಪಣಕ್ಕಿಟ್ಟದ್ದು, ಸುಖವಾಗಿ ತಲುಪಿದ ಮೇಲೂ ಹಾಗೆಯೇ ಉಳಿಯುತ್ತದೆ.

ಇನ್ನು ಧೈರ್ಯದ ಮಾತು. ಹ್ಯಾಂಡಲ್ ಹಿಡಿದವನೇ ಧೈರ್ಯಶಾಲಿ, ಹಿಂದೆ ಕುಳಿತವಳು ಪುಕ್ಕಲು ಎಂದು ಭಾವಿಸುವುದು ಸುಲಭ. ಸಂತ ತೋಮಸ್ ಅಕ್ವಿನಾಸರು ಹಾಗೆ ಭಾವಿಸಲಿಲ್ಲ. ಧೈರ್ಯದ ಮುಖ್ಯ ಕಾರ್ಯ ಮುನ್ನುಗ್ಗುವುದಲ್ಲ, ಸಹಿಸಿ ನಿಲ್ಲುವುದು ಎಂದು ಅವರು ಬೋಧಿಸುತ್ತಾರೆ. ಮಿತಿಮೀರಿದ ಸಾಹಸವನ್ನು ಧೈರ್ಯಕ್ಕೆ ವಿರುದ್ಧವಾದ ದುರ್ಗುಣಗಳಲ್ಲಿ ಎಣಿಸುತ್ತಾರೆ. ಮೋಟಾರ್ ಸೈಕಲ್ ಬಲ್ಲವರು ಇದನ್ನು ಯೋಚಿಸಿ ನೋಡಿ. ತಿರುವಿನಲ್ಲಿ ಗಾಡಿ ವಾಲಿದಾಗ ಹಿಂದೆ ಕುಳಿತವರೂ ಅದರೊಡನೆ ವಾಲಬೇಕು. ಹೆದರಿ ವಿರುದ್ಧ ದಿಕ್ಕಿಗೆ ಮೈಕೊಟ್ಟರೆ ಗಾಡಿ ತಿರುವಿನಿಂದ ಹೊರಕ್ಕೆ ಹೋಗುತ್ತದೆ. ಮುಂದಿನ ರಸ್ತೆ ಸರಿಯಾಗಿ ಕಾಣುವುದಿಲ್ಲ, ಕೈಯಲ್ಲಿ ಬ್ರೇಕ್ ಇಲ್ಲ, ಆದರೂ ಪ್ರತಿ ತಿರುವಿನಲ್ಲೂ ಮೈಯನ್ನು ಒಪ್ಪಿಸಬೇಕು. ಆಕೆ ತಟ್ಟಿದ ಮೇಲೂ, ಅವನು ನಿಲ್ಲಿಸುವುದಿಲ್ಲವೆಂದು ತಿಳಿದ ಮೇಲೂ, ಒಂದು ತಿರುವಿನಲ್ಲೂ ತಪ್ಪಾಗಿ ವಾಲಲಿಲ್ಲ. ಅವರು ನೆತ್ತಿಯನ್ನು ಮುಟ್ಟಿದ್ದರಲ್ಲಿ ಅದರ ಪಾಲೆಷ್ಟು ಎಂದು ಗಂಡನನ್ನು ಕೇಳಿದೆ. ಅದನ್ನು ಅವನು ಎಣಿಸಿಯೇ ಇರಲಿಲ್ಲ.

ಗಂಡನೇ ಹೆಂಡತಿಯ ಶಿರಸ್ಸಲ್ಲವೇ, ಎಂದು ಕೆಲವರು ಸಂತ ಪೌಲರ ಹೆಸರು ಹೇಳುವುದುಂಟು. ಎಫೆಸಿಯರಿಗೆ ಬರೆದ ಆ ಪತ್ರದ ಐದನೇ ಅಧ್ಯಾಯವನ್ನು ದಯವಿಟ್ಟು ಪೂರ್ತಿ ಓದಿ. ಒಬ್ಬರಿಗೊಬ್ಬರು ತಗ್ಗಿ ನಡೆಯಬೇಕೆಂಬ ಮಾತು ಅಲ್ಲಿ ಮೊದಲು ಬರುತ್ತದೆ. ಗಂಡನಿಗೆ ಮಾದರಿಯಾಗಿ ಕ್ರಿಸ್ತರನ್ನು ನಿಲ್ಲಿಸುತ್ತಾರೆ. ಕ್ರಿಸ್ತರು ಧರ್ಮಸಭೆಗಾಗಿ ಒಪ್ಪಿಸಿದ್ದು ತಮ್ಮ ಪ್ರಾಣವನ್ನು. ಧರ್ಮಸಭೆಯ ಪ್ರಾಣವನ್ನು ತಮ್ಮ ಹುರುಪಿಗಾಗಿ ಒಡ್ಡಲಿಲ್ಲ.

"ಹಾಗಾದರೆ ಹಿಂದೆ ಕುಳಿತವರು ತಟ್ಟಿದಾಗಲೆಲ್ಲ ವಾಪಸು ಹೋಗಬೇಕೇ? ಯಾರೂ ಎಲ್ಲಿಗೂ ತಲುಪುವುದಿಲ್ಲ ಫಾದರ್." ಅವನ ಈ ಆಕ್ಷೇಪದಲ್ಲಿ ನ್ಯಾಯವಿದೆ. ಭಯ ಕೆಲವೊಮ್ಮೆ ನಿರಾಧಾರವಾಗಿರುತ್ತದೆ. ಎಲ್ಲ ಭಯಕ್ಕೂ ಮಣಿಯುವುದು ವಿವೇಕವಲ್ಲ. ಆದರೆ ನಿಲ್ಲುವುದು ಬೇರೆ, ಹಿಂದಿರುಗುವುದು ಬೇರೆ. ಆಕೆ ಕೇಳಿದ್ದು ನಿಲ್ಲಿಸಲು ಮಾತ್ರ. ನಿಂತು, ಹೆಲ್ಮೆಟ್ ತೆಗೆದು, ಐದು ನಿಮಿಷ ಮಾತನಾಡಿದ್ದರೆ ಮೇಲೆಯೇ ಹೋಗೋಣವೆಂದು ಆಕೆಯೂ ಒಪ್ಪುತ್ತಿದ್ದಳೇನೋ. ಅಕ್ವಿನಾಸರು ವಿವೇಕದ ಅಂಗಗಳನ್ನು ಎಣಿಸುವಾಗ ಮುಂದಾಲೋಚನೆ, ಎಚ್ಚರಿಕೆಗಳ ಜೊತೆಗೆ, ಇನ್ನೊಬ್ಬರಿಂದ ಕಲಿಯುವ ವಿಧೇಯತೆಯನ್ನೂ ಸೇರಿಸುತ್ತಾರೆ. ಯಾರೂ ಎಲ್ಲವನ್ನೂ ತಾವೊಬ್ಬರೇ ಕಾಣಲಾರರು ಎಂಬುದೇ ಅದಕ್ಕೆ ಕಾರಣ. ಸಂತ ಬರ್ನಾರ್ಡರು ಆ ಎತ್ತರದಲ್ಲಿ ಕಟ್ಟಿದ್ದೂ ಒಂದು ನಿಲುಗಡೆಯನ್ನೇ. ಅಲ್ಲಿ ನಿಂತವರನ್ನು ಹೇಡಿಗಳೆಂದು ಯಾರೂ ಕರೆಯಲಿಲ್ಲ.

ಅಂದು ಅವರು ಇಟಲಿಯ ಕಡೆ ಇಳಿದದ್ದು ಮಂಜು ಸರಿದ ಮೇಲೆ. ಇಳಿಜಾರಿನ ಮಧ್ಯದಲ್ಲಿ ಆಕೆ ಮತ್ತೆ ಎರಡು ಸಲ ತಟ್ಟಿದಳಂತೆ. ಈ ಬಾರಿ ಅವನು ರಸ್ತೆಯ ಅಂಚಿಗೆ ಸರಿಸಿ ನಿಲ್ಲಿಸಿದ. "ಏನಾಯ್ತು?" ಎಂದ. "ಏನೂ ಇಲ್ಲರೀ, ನಿಲ್ಲಿಸುತ್ತೀರೋ ಇಲ್ಲವೋ ನೋಡಿದೆ" ಎಂದಳು. ಇಬ್ಬರೂ ರೋಮ್ ತಲುಪಿದರು.

ನಮ್ಮಲ್ಲಿ ಹೆಚ್ಚಿನವರು ಆಲ್ಪ್ಸ್ ಏರುವುದಿಲ್ಲ. ತೋಟದ ಮೇಲೆ ಸಾಲ ಎತ್ತುತ್ತೇವೆ, ಸ್ನೇಹಿತರಿಗೆ ಜಾಮೀನು ನಿಲ್ಲುತ್ತೇವೆ, ಇದ್ದ ಕೆಲಸ ಬಿಟ್ಟು ಕೊಲ್ಲಿ ರಾಷ್ಟ್ರಗಳಿಗೆ ಹೊರಡುತ್ತೇವೆ. ಯಾವಾಗಲೂ ಗಂಡನೇ ಮುಂದೆ ಇರುತ್ತಾನೆಂದೂ ಇಲ್ಲ. ಹೆಂಡತಿ ಓಡಿಸಿ ಗಂಡ ಹಿಂದೆ ಕುಳಿತ ಮನೆಗಳನ್ನೂ ನಮ್ಮ ಧರ್ಮಕೇಂದ್ರದಲ್ಲಿ ಕಂಡಿದ್ದೇನೆ. ಆ ದಂಪತಿಗಳಿಗಾದರೂ ಎರಡು ಸಲ ತಟ್ಟುವ ಒಪ್ಪಂದವೊಂದಿತ್ತು. ಮನೆ ಮಾರಾಟವಾಗುತ್ತಿದೆ ಎಂದು ರಿಜಿಸ್ಟ್ರಿಯ ದಿನ ಬೆಳಿಗ್ಗೆ ತಿಳಿದುಕೊಳ್ಳುವ ವೃದ್ಧ ತಾಯಂದಿರಿಗೆ ಅದೂ ಇರುವುದಿಲ್ಲ.